ಹಿಮಕ್ಕೆ ಹೊರಟಿದ್ದೀರಾ? ಯಾವ ಬೆಳಕಿಗೆ ಯಾವ ಗಾಗಲ್ ಲೆನ್ಸ್ ಅಂತ ನೋಡಿಕೊಳ್ಳಿ

ದೀಪಾವಳಿ ಮುಗಿಯುತ್ತಿದ್ದಂತೆ ದಾವಣಗೆರೆ, ಚಿತ್ರದುರ್ಗದ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಜನವರಿಯಲ್ಲಿ ಗುಲ್ಮಾರ್ಗ್‌ಗೆ ಸ್ಕೀಯಿಂಗ್ ಕಲಿಯೋಕೆ ಹೋಗ್ತಿದ್ದೀವಿ, ಗಾಗಲ್ ಯಾವುದು ತಗೊಳ್ಳೋದು?" ಕೆಲವರು ಮನಾಲಿ ಹತ್ತಿರದ ಸೋಲಂಗ್‌ಗೆ ಹೊರಟಿರುತ್ತಾರೆ, ಕೆಲವರು ಉತ್ತರಾಖಂಡದ ಔಲಿಗೆ. ಪ್ರಶ್ನೆಯ ಜೊತೆ ಒಂದು ಫೋಟೋ ಇರುತ್ತದೆ. ಹೆಚ್ಚಿನ ಸಲ ಅದು ಕಡು ಕಪ್ಪು ಮಿರರ್ ಲೆನ್ಸ್, ಅಂದರೆ ಹೊರಗಿನಿಂದ ಕನ್ನಡಿಯಂತೆ ಹೊಳೆಯುವಂಥದ್ದು.

ಆ ಲೆನ್ಸ್ ಕೆಟ್ಟದ್ದಲ್ಲ. ಒಳ್ಳೆ ಬಿಸಿಲಿಗೆ ಅದು ಬೇಕು. ಆದರೆ ಹೊಸಬರಿಗೆ ಕಷ್ಟವಾಗುವುದು ಬಿಸಿಲಿನ ದಿನ ಅಲ್ಲ, ಮೋಡ ಕವಿದು ಕಾಲ ಕೆಳಗಿನ ನೆಲವೇ ಕಾಣದ ದಿನ. ಅದಕ್ಕೇ ಮೊದಲು ಮೋಡದ ದಿನದ ಲೆನ್ಸ್ ಆರಿಸಿ, ಬಿಸಿಲಿನದ್ದು ಆಮೇಲೆ ನೋಡಿ ಅಂತ ಹೇಳುತ್ತೇನೆ. ಯಾಕೆ, ಹೇಗೆ ಅನ್ನೋದನ್ನು ಒಂದೊಂದಾಗಿ ನೋಡೋಣ.

ಮೊದಲಿಗೆ: ನಿಮಗೆ ಸ್ಕೀ ಗಾಗಲ್ ಬೇಕೇ ಬೇಕಾ?

ಮನೆಮಂದಿಯ ಜೊತೆ ಮನಾಲಿಗೆ ಹೋಗಿ, ಹಿಮದಲ್ಲಿ ಒಂದೆರಡು ಗಂಟೆ ಆಡಿ, ಫೋಟೋ ತೆಗೆಸಿಕೊಂಡು ವಾಪಸ್ ಬರುವವರಿಗೆ ಸ್ಕೀ ಗಾಗಲ್ ಬೇಡ. ಯುವಿ400 (ಬಿಸಿಲಿನ ನೇರಳಾತೀತ ಕಿರಣ ತಡೆಯುತ್ತದೆ ಎಂಬ ಗುರುತು) ಎಂದು ಬರೆದಿರುವ, ಕಣ್ಣಿನ ಪಕ್ಕವನ್ನೂ ಮುಚ್ಚುವ ಒಳ್ಳೆ ಕೂಲಿಂಗ್ ಗ್ಲಾಸ್ ಸಾಕು. ಮಕ್ಕಳಿಗೂ ಅಷ್ಟೇ. ಆದರೆ ಅವರಿಗೆ ಆಟಿಕೆ ಕನ್ನಡಕ ಹಾಕಬೇಡಿ, ಯುವಿ ತಡೆಯುವುದನ್ನೇ ಕೊಡಿಸಿ.

ಸ್ಕೀಯಿಂಗ್, ಸ್ನೋಬೋರ್ಡಿಂಗ್ ಕೋರ್ಸ್‌ಗೆ ಸೇರಿದ್ದರೆ ಗಾಗಲ್ ಬೇಕು. ಎದುರುಗಾಳಿ, ಹಾರುವ ಹಿಮದ ಪುಡಿ, ಬಿದ್ದಾಗ ಮುಖಕ್ಕೆ ಬಡಿಯುವ ಹಿಮ, ಇವನ್ನೆಲ್ಲ ಕೂಲಿಂಗ್ ಗ್ಲಾಸ್ ತಡೆಯುವುದಿಲ್ಲ. ಅಲ್ಲೇ ಬಾಡಿಗೆಗೂ ಸಿಗುತ್ತವೆ. ಆದರೆ ಬಾಡಿಗೆಯವುಗಳ ಲೆನ್ಸ್ ಗೀರು ಬಿದ್ದಿರುವುದೇ ಜಾಸ್ತಿ, ಮೇಲಾಗಿ ಯಾವ ಬೆಳಕಿನದ್ದು ಅಂತ ಆರಿಸುವ ಅವಕಾಶ ಇರುವುದಿಲ್ಲ. ಬೂಟು, ಸ್ಕೀ, ಹೆಲ್ಮೆಟ್ ಬಾಡಿಗೆಗೆ ತೆಗೆದುಕೊಳ್ಳಿ, ಗಾಗಲ್ ಮಾತ್ರ ಸ್ವಂತದ್ದಿರಲಿ.

ಹಂತ 1: ಬಣ್ಣ ನೋಡುವ ಮುಂಚೆ ಯುವಿ ನೋಡಿ

ಯುವಿ ಎಂದರೆ ಬಿಸಿಲಿನಲ್ಲಿರುವ, ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣ. ದಾವಣಗೆರೆಯ ಏಪ್ರಿಲ್ ಬಿಸಿಲು ನೋಡಿದವರಿಗೆ ಚಳಿಗಾಲದ ಕಾಶ್ಮೀರದ ಬಿಸಿಲು ಏನು ಮಾಡೀತು ಅನ್ನಿಸಬಹುದು. ಆದರೆ ಬಿಸಿಲಿನ ಕಾವು ಬೇರೆ, ಯುವಿ ಬೇರೆ. ನಮ್ಮಲ್ಲಿ ಬಿಸಿಲು ಮೇಲಿನಿಂದ ಬೀಳುತ್ತದೆ. ಹುಬ್ಬು, ರೆಪ್ಪೆ, ತಲೆಗೆ ಹಾಕಿದ ಟವೆಲ್ ಅದನ್ನು ತಡೆಯುತ್ತವೆ. ನಮ್ಮ ಎರೆ ಹೊಲವಾಗಲಿ ಹುಲ್ಲಾಗಲಿ ಯುವಿಯನ್ನು ವಾಪಸ್ ಕಳಿಸುವುದು ಶೇ 10ಕ್ಕಿಂತ ಕಡಿಮೆ. ಹೊಸದಾಗಿ ಬಿದ್ದ ಹಿಮ ಶೇ 80ರವರೆಗೂ ವಾಪಸ್ ಕಳಿಸುತ್ತದೆ. ಅಂದರೆ ಅಲ್ಲಿ ಕೆಳಗಿನಿಂದಲೂ ಕಣ್ಣಿಗೆ ಬಡಿಯುತ್ತದೆ, ಟೋಪಿ ಅದನ್ನು ತಡೆಯಲಾರದು. ಎತ್ತರ ಪ್ರತಿ 1,000 ಮೀಟರ್ ಹೆಚ್ಚಾದಂತೆ ಯುವಿ ಸುಮಾರು ಶೇ 10ರಷ್ಟು ಏರುತ್ತದೆ. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಗುಲ್ಮಾರ್ಗ್ ಸುಮಾರು 2,650 ಮೀಟರ್. ತೆಳು ಮೋಡ ಇದ್ದರೂ ಯುವಿ ಬಹುಪಾಲು ದಾಟಿ ಬರುತ್ತದೆ.

ಇಲ್ಲೇ ಹೆಚ್ಚಿನವರು ತಪ್ಪುವುದು: ಲೆನ್ಸ್ ಕಪ್ಪಗಿದ್ದರೆ ಕಣ್ಣಿಗೆ ಕಾವಲು ಅಂದುಕೊಳ್ಳುತ್ತಾರೆ. ಹಾಗಲ್ಲ. ಕಪ್ಪು ಬಣ್ಣ ಕಡಿಮೆ ಮಾಡುವುದು ಕಣ್ಣಿಗೆ ಕಾಣುವ ಬೆಳಕನ್ನು ಮಾತ್ರ. ಯುವಿ ತಡೆಯುವುದು ಲೆನ್ಸ್‌ನ ವಸ್ತು ಮತ್ತು ಅದಕ್ಕೆ ಸೇರಿಸಿದ ಪದಾರ್ಥ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಿಂದ ಮಾಡಿದ ಲೆನ್ಸ್ ಬಣ್ಣವೇ ಇಲ್ಲದೆ ಪಾರದರ್ಶಕವಾಗಿದ್ದರೂ ಯುವಿಯನ್ನು ಬಹುಪಾಲು ತಡೆಯುತ್ತದೆ. ಯುವಿ ತಡೆಯದ ಕಪ್ಪು ಲೆನ್ಸ್ ಬರಿಗಣ್ಣಿಗಿಂತ ಕೆಟ್ಟದ್ದು. ಕತ್ತಲೆಗೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಒಳಗೆ ಇನ್ನೂ ಜಾಸ್ತಿ ಯುವಿ ಹೋಗುತ್ತದೆ.

ಆದ್ದರಿಂದ ಡಬ್ಬದ ಮೇಲೆ "ಯುವಿ400" ಅಥವಾ "100% ಯುವಿ" ಎಂದು ಇರಲೇಬೇಕು. 400 ಎಂದರೆ 400 ನ್ಯಾನೊಮೀಟರ್ ಅಲೆಯುದ್ದದವರೆಗಿನ ಕಿರಣಗಳನ್ನು ತಡೆಯುತ್ತದೆ ಎಂದು. ಸ್ಕೀ ಗಾಗಲ್‌ಗೆ ಇರುವ ಮಾನದಂಡಗಳಲ್ಲಿ ಯುರೋಪಿನ ಇಎನ್ 174 ಹಳೆಯದು, ಐಎಸ್‌ಒ 18527-1 ಹೊಸದು. ಎರಡರಲ್ಲಿ ಒಂದರ ಹೆಸರಿದ್ದರೆ ಒಳ್ಳೆಯದು.

ಬೈಕ್ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಧೂಳಿನ ಗಾಗಲ್ ಕಡಿಮೆ ಬೆಲೆಗೆ ಸಿಗುತ್ತದೆ ಅಂತ ತಗೊಂಡು ಹೋಗಬೇಡಿ. ಅವು ಸಾಮಾನ್ಯವಾಗಿ ಒಂದೇ ಪದರದ ಲೆನ್ಸ್. ಚಳಿಯಲ್ಲಿ ನಿಮಿಷದೊಳಗೆ ಮಂಜಾಗುತ್ತವೆ. ಯುವಿ ಬಗ್ಗೆ ಡಬ್ಬದ ಮೇಲೆ ಒಂದು ಮಾತೂ ಇಲ್ಲದವು ಬಹಳ ಇವೆ.

ಹಂತ 2: ಎಸ್ ನಂಬರ್ ಓದಲು ಕಲಿಯಿರಿ

ಲೆನ್ಸ್ ಅಂಚಿನಲ್ಲೋ ಪಟ್ಟಿಯ ಮೇಲೋ ಡಬ್ಬದ ಹಿಂದೆಯೋ ಎಸ್0 ಇಂದ ಎಸ್4 ವರೆಗಿನ ಒಂದು ಗುರುತು ಇರುತ್ತದೆ. ಜೊತೆಗೆ ವಿಎಲ್‌ಟಿ ಎಂಬ ಶೇಕಡಾವಾರು ಲೆಕ್ಕವೂ ಇರಬಹುದು. ಹೊರಗಿನ ಬೆಳಕಿನಲ್ಲಿ ಎಷ್ಟು ಪಾಲು ಲೆನ್ಸ್ ದಾಟಿ ನಿಮ್ಮ ಕಣ್ಣಿಗೆ ಬರುತ್ತದೆ ಅನ್ನುವುದೇ ವಿಎಲ್‌ಟಿ. ನಂಬರ್ ಹೆಚ್ಚಾದಷ್ಟೂ ಲೆನ್ಸ್ ಕಪ್ಪು, ವಿಎಲ್‌ಟಿ ಕಡಿಮೆ.

- ಎಸ್0: ಶೇ 80ರಿಂದ 100. ಬಣ್ಣವಿಲ್ಲದ ಲೆನ್ಸ್. ಸಂಜೆ, ರಾತ್ರಿಗೆ.
- ಎಸ್1: ಶೇ 43ರಿಂದ 80. ದಟ್ಟ ಮೋಡ, ಹಿಮ ಬೀಳುತ್ತಿರುವಾಗ.
- ಎಸ್2: ಶೇ 18ರಿಂದ 43. ಬಿಸಿಲು ಮೋಡ ಎರಡೂ ಇರುವ ದಿನ.
- ಎಸ್3: ಶೇ 8ರಿಂದ 18. ಒಳ್ಳೆ ಬಿಸಿಲು.
- ಎಸ್4: ಶೇ 3ರಿಂದ 8. ಹಿಮನದಿ, ತುಂಬಾ ಎತ್ತರದ ಜಾಗ.

ಎಸ್4 ಹಾಕಿಕೊಂಡು ಗಾಡಿ ಓಡಿಸಬಾರದು. ಅದರ ಡಬ್ಬದ ಮೇಲೆ ಕಾರಿನ ಚಿತ್ರಕ್ಕೆ ಅಡ್ಡಗೆರೆ ಎಳೆದಿರುತ್ತದೆ. ಕಲಿಯುವವರಿಗೆ ಎಸ್4 ಬೇಕಾಗುವುದೂ ಇಲ್ಲ.

ಗಾಗಲ್ ಮಾರುವವರು ಎಸ್ ನಂಬರ್ ಆಗಲಿ ವಿಎಲ್‌ಟಿ ಆಗಲಿ ತೋರಿಸದೇ ಇದ್ದರೆ, ಬೆಲೆ ಎಷ್ಟೇ ಕಡಿಮೆ ಇರಲಿ, ಬಿಟ್ಟುಬಿಡಿ. ಆನ್‌ಲೈನ್‌ನಲ್ಲಿ ಇಂಥವು ತುಂಬಾ ಇವೆ.

ಹಂತ 3: ಹೋಗುವ ಜಾಗದ ಬೆಳಕು ಹೇಗಿರುತ್ತದೆ ಅಂತ ತಿಳಿದುಕೊಳ್ಳಿ

"ಕಾಶ್ಮೀರ" ಅಂದರೆ ಸಾಲದು. ಗುಲ್ಮಾರ್ಗ್‌ನಲ್ಲೇ ಬೆಳಕು ಮೂರು ಥರ. ಕೆಳಗಿನ ಬಯಲಿನಲ್ಲಿ ಹೊಸಬರು ಕಲಿಯುತ್ತಾರೆ. ಅದು ತೆರೆದ ಜಾಗ, ಬಿಸಿಲಿದ್ದರೆ ಸುತ್ತಲೂ ಹೊಳಪು. ಗೊಂಡೋಲಾ, ಅಂದರೆ ತಂತಿಯ ಮೇಲೆ ಹೋಗುವ ಕೇಬಲ್ ಕಾರ್, ಮೊದಲ ಹಂತದಲ್ಲಿ ಕೊಂಗ್‌ಡೂರಿಗೆ ಹೋಗುತ್ತದೆ. ಆ ಇಳಿಜಾರಿನಲ್ಲಿ ಕಾಡಿದೆ. ಮರದ ನೆರಳು, ಮಧ್ಯೆ ಮಧ್ಯೆ ಬಿಸಿಲು. ಅಲ್ಲಿ ಎಸ್3 ಹಾಕಿದರೆ ನೆರಳಿಗೆ ಹೋದ ಕೂಡಲೇ ಕತ್ತಲೆಯಾಗುತ್ತದೆ. ಎರಡನೇ ಹಂತ ಅಫರ್ವಟ್ ಬೆಟ್ಟದ ಮೇಲಕ್ಕೆ, ಸುಮಾರು 3,950 ಮೀಟರ್‌ಗೆ ಹೋಗುತ್ತದೆ. ಮೇಲೆ ಮರವೇ ಇಲ್ಲ. ಬಿಸಿಲಿದ್ದರೆ ಎಸ್3 ಬೇಕೇ ಬೇಕು, ಮೋಡ ಇಳಿದರೆ ಅದೇ ಎಸ್3 ಕಣ್ಣಿಗೆ ಪಟ್ಟಿ ಕಟ್ಟಿದ ಹಾಗೆ.

ಮನಾಲಿಯ ಕಡೆಗೆ ಇನ್ನೊಂದು ವಿಷಯ ನೆನಪಿಡಿ. ಸೋಲಂಗ್ ಕಣಿವೆಯಲ್ಲಿ ಮೋಡ ಕವಿದಿದ್ದಾಗಲೂ, 2020ರಲ್ಲಿ ತೆರೆದ ಅಟಲ್ ಸುರಂಗ ದಾಟಿ ಲಾಹೌಲ್‌ಗೆ ಹೋದರೆ ಬಿಸಿಲು ಇರಬಹುದು. ಲಾಹೌಲ್ ಇರುವುದು ಪೀರ್ ಪಂಜಾಲ್ ಸಾಲಿನ ಆಚೆ, ಮಳೆನೆರಳಿನ ಕಡೆ. ಸುರಂಗ ಸುಮಾರು 9 ಕಿಲೋಮೀಟರ್, ದಾಟಲು ಹೆಚ್ಚು ಹೊತ್ತು ಬೇಡ. ಒಂದೇ ಬೆಳಗ್ಗೆ ಎರಡು ಥರದ ಬೆಳಕು ಸಿಗುವ ಜಾಗ ಇದು.

ಔಲಿಯ ಇಳಿಜಾರು ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿದೆ. ಅಲ್ಲಿಗೂ ಇದೇ ಲೆಕ್ಕ.

ತಿಂಗಳನ್ನೂ ಗಮನಿಸಿ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಕೆಳಗಿರುತ್ತಾನೆ, ಹಿಮ ಬೀಳುವ ದಿನಗಳೂ ಸಿಗುತ್ತವೆ. ಎಸ್1, ಎಸ್2 ಹೆಚ್ಚು ಕೆಲಸಕ್ಕೆ ಬರುತ್ತವೆ. ಮಾರ್ಚ್‌ನಲ್ಲಿ ಹಗಲು ಉದ್ದ, ಬಿಸಿಲು ಚುರುಕು. ಆಗ ಎಸ್3 ಇಲ್ಲದೆ ಹೋಗಬೇಡಿ.

ಹಂತ 4: ಮೋಡದ ದಿನಕ್ಕೆ ಲೆನ್ಸ್ ಬಣ್ಣ ಆರಿಸಿ

ಸ್ಕೀ ಮಾಡುವವರು "ಫ್ಲ್ಯಾಟ್ ಲೈಟ್" ಅನ್ನುತ್ತಾರೆ. ನೆರಳೇ ಬೀಳದ ಬೆಳಕು ಅಂತ ಇಟ್ಟುಕೊಳ್ಳಿ. ಮೋಡ ಕವಿದಾಗ ಬೆಳಕು ಎಲ್ಲ ಕಡೆಯಿಂದ ಒಂದೇ ಸಮ ಬರುತ್ತದೆ. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಂಡೆಯಲ್ಲಿ ಕಾಲಿಡಲು ಕೊರೆದ ಗುಳಿಗಳು ಬೆಳಗಿನ ಓರೆ ಬಿಸಿಲಲ್ಲಿ ಎದ್ದು ಕಾಣುತ್ತವೆ. ಮೋಡ ಮುಚ್ಚಿದಾಗ ಅವೇ ಗುಳಿಗಳು ಬಂಡೆಯೊಳಗೆ ಕಲೆತುಹೋಗುತ್ತವೆ. ಗುಳಿ ಕಾಣುವುದು ಅದರ ಅಂಚಿನ ನೆರಳಿನಿಂದ. ಹಿಮದಲ್ಲಿ ಬಂಡೆಯ ಬಣ್ಣದ ಆಸರೆಯೂ ಇಲ್ಲ, ಎಲ್ಲವೂ ಬಿಳಿ. ಉಬ್ಬು ಎಲ್ಲಿ, ತಗ್ಗು ಎಲ್ಲಿ, ಇಳಿಜಾರು ಎಲ್ಲಿ ಶುರು ಅಂತ ಗೊತ್ತಾಗದೆ ಜನ ನಿಂತಲ್ಲೇ ಬೀಳುತ್ತಾರೆ.

ಮೋಡದಡಿಯ ಹಿಮದಲ್ಲಿ ಚದುರಿ ಬರುವ ಬೆಳಕಿನಲ್ಲಿ ನೀಲಿ ಪಾಲು ಜಾಸ್ತಿ. ಆ ನೀಲಿಯನ್ನು ಸ್ವಲ್ಪ ಸೋಸಿದರೆ ಉಬ್ಬುತಗ್ಗಿನ ಸಣ್ಣ ವ್ಯತ್ಯಾಸ ಕಣ್ಣಿಗೆ ಹೆಚ್ಚು ಸ್ಪಷ್ಟವಾಗುತ್ತದೆ. ಹಳದಿ, ಕಿತ್ತಳೆ, ಗುಲಾಬಿ, ಅಂಬರ್ (ಜೇನಿನ ಬಣ್ಣ) ಲೆನ್ಸ್‌ಗಳು ಮಾಡುವುದು ಇದನ್ನೇ. ಎಸ್1ರಲ್ಲಿ ಹಳದಿ ಅಥವಾ ಗುಲಾಬಿ, ಎಸ್2ರಲ್ಲಿ ಗುಲಾಬಿ ಅಥವಾ ಅಂಬರ್ ನೋಡಿ. ನನ್ನ ಒಲವು ಗುಲಾಬಿಗೆ. ಹಳದಿ ಲೆನ್ಸ್‌ನಲ್ಲಿ ಮೋಡ ಸರಿದು ಬಿಸಿಲು ಬಂದ ತಕ್ಷಣ ಕಣ್ಣು ಕುಕ್ಕುತ್ತದೆ.

ಬೂದು ಲೆನ್ಸ್ ಬಣ್ಣಗಳನ್ನು ಇದ್ದ ಹಾಗೇ ತೋರಿಸುತ್ತದೆ. ಬಿಸಿಲಿಗೆ ಹಿತ, ಮೋಡಕ್ಕೆ ಪ್ರಯೋಜನವಿಲ್ಲ. ಕಂದು ಲೆನ್ಸ್ ಬಿಸಿಲಲ್ಲೂ ಉಬ್ಬುತಗ್ಗು ಚೆನ್ನಾಗಿ ತೋರಿಸುತ್ತದೆ, ಹಾಗಾಗಿ ಎಸ್3 ತಗೊಳ್ಳುವವರಿಗೆ ಕಂದನ್ನೇ ಹೇಳುತ್ತೇನೆ. ಗಾಗಲ್ ಕಂಪನಿಗಳಾದ ಓಕ್ಲಿಯ "ಪ್ರಿಜ್ಮ್", ಸ್ಮಿತ್‌ನ "ಕ್ರೋಮಾಪಾಪ್" ಅಂತೆಲ್ಲ ಹೆಸರು ಕೇಳಿರುತ್ತೀರಿ. ಕೆಲವು ನಿರ್ದಿಷ್ಟ ಬಣ್ಣಗಳನ್ನಷ್ಟೇ ಸೋಸಿ ಹಿಮದ ಮೇಲ್ಮೈಯನ್ನು ಎತ್ತಿ ತೋರಿಸುವ ಲೆನ್ಸ್‌ಗಳವು. ಚೆನ್ನಾಗಿವೆ, ಬೆಲೆ ಜಾಸ್ತಿ. ಮೊದಲ ಸಲ ಹೋಗುವವರು ಅವುಗಳಿಗಾಗಿ ಸಾಲ ಮಾಡಬೇಕಿಲ್ಲ.

ಎಚ್ಚರಿಕೆ: ಹೊರಗಿನ ಮಿರರ್ ಬಣ್ಣ ನೋಡಿ ಮೋಸಹೋಗಬೇಡಿ. ಹೊರಗೆ ನೀಲಿ ಹೊಳೆಯುವ ಲೆನ್ಸ್ ಒಳಗಿನಿಂದ ಗುಲಾಬಿ ಇರಬಹುದು, ಬೂದು ಇರಬಹುದು. ಮುಖ್ಯವಾದದ್ದು ಒಳಗಿನ ಬಣ್ಣ. ಹಾಕಿಕೊಂಡೇ ನೋಡಿ, ಆನ್‌ಲೈನ್‌ನಲ್ಲಾದರೆ ವಿವರದಲ್ಲಿ ಬೇಸ್ ಬಣ್ಣ ಏನಿದೆ ಅಂತ ಓದಿ.

ಒಂದು ಮಾತು ಕಡ್ಡಾಯವಾಗಿ ಹೇಳಬೇಕು. ಹಿಮ ಜೋರಾಗಿ ಬಿದ್ದು, ಮೋಡ ನೆಲಕ್ಕೇ ಇಳಿದು, ಆಕಾಶ ನೆಲ ಒಂದಾದರೆ ಯಾವ ಲೆನ್ಸೂ ಕೆಲಸ ಮಾಡುವುದಿಲ್ಲ. ಆಗ ನಿಲ್ಲಿಸಿ, ತರಬೇತುದಾರರು ಹೇಳಿದಂತೆ ಕೆಳಗೆ ಬನ್ನಿ.

ಹಂತ 5: ಒಂದು ಲೆನ್ಸೋ, ಎರಡೋ?

ದುಡ್ಡು ಒಂದಕ್ಕೇ ಸಾಕು ಅಂದರೆ ಎಸ್2 ತೆಗೆದುಕೊಳ್ಳಿ, ಒಳಗಿನ ಬಣ್ಣ ಗುಲಾಬಿ ಅಥವಾ ಅಂಬರ್, ವಿಎಲ್‌ಟಿ ಶೇ 25ರಿಂದ 35ರೊಳಗೆ. ಬಿಸಿಲಲ್ಲಿ ಸ್ವಲ್ಪ ಕಣ್ಣು ಕಿರಿದು ಮಾಡಬೇಕಾಗುತ್ತದೆ, ಯುವಿ ಹೇಗೂ ತಡೆಯುತ್ತದೆ. ಮೋಡದ ದಿನ ನೆಲ ಕಾಣುತ್ತದೆ. ಎಸ್3 ಒಂದನ್ನೇ ಇಟ್ಟುಕೊಂಡವರಿಗೆ ಮೋಡದ ದಿನ ದಾರಿಯೇ ಇರುವುದಿಲ್ಲ.

ಇನ್ನಷ್ಟು ಖರ್ಚು ಮಾಡುವ ಹಾಗಿದ್ದರೆ ಲೆನ್ಸ್ ಬದಲಿಸಬಹುದಾದ ಗಾಗಲ್ ಒಂದು, ಜೊತೆಗೆ ಎಸ್1 ಮತ್ತು ಎಸ್3 ಎರಡು ಲೆನ್ಸ್. ಅಯಸ್ಕಾಂತದಿಂದ ಅಂಟುವಂಥವನ್ನು ಗ್ಲೌಸ್ ಹಾಕಿಕೊಂಡೇ ಬದಲಿಸಬಹುದು. ಫ್ರೇಮ್ ಅಂಚಿನ ಸೀಳಿನೊಳಗೆ ಲೆನ್ಸ್ ತುರುಕುವ ಬಗೆಯದ್ದಾದರೆ ಮನೆಯಲ್ಲೇ ನಾಲ್ಕಾರು ಸಲ ತೆಗೆದು ಹಾಕಿ ರೂಢಿ ಮಾಡಿಕೊಳ್ಳಿ. ಚಳಿಯಲ್ಲಿ ಪ್ಲಾಸ್ಟಿಕ್ ಬಿರುಸಾಗುತ್ತದೆ, ಬೆರಳು ಮರಗಟ್ಟುತ್ತದೆ. ಇದಕ್ಕಿಂತ ಕಡಿಮೆ ಬೆಲೆಯ ದಾರಿಯೂ ಇದೆ: ಎರಡು ಸಾದಾ ಗಾಗಲ್, ಒಂದು ಎಸ್1, ಒಂದು ಎಸ್3. ಡೆಕಾಥ್ಲಾನ್‌ನ ವೆಡ್ಜೆ ಬ್ರ್ಯಾಂಡ್‌ನಲ್ಲಿ ಹೀಗೆ ಎಸ್1, ಎಸ್3 ಅಂತ ಬೇರೆ ಬೇರೆ ಗುರುತಿಸಿದವು ಬರುತ್ತವೆ. ಇಬ್ಬರು ಗೆಳೆಯರು ಸೇರಿ ಹೋಗುವವರಿಗೆ ಇದೇ ಸರಿ ಅನ್ನಿಸುತ್ತದೆ.

ಫೋಟೋಕ್ರೋಮಿಕ್ ಎಂದರೆ ಬಿಸಿಲಿಗೆ ತಾನಾಗಿ ಕಪ್ಪಾಗುವ ಲೆನ್ಸ್. ಅನುಕೂಲವೇ. ಆದರೆ ಇದು ಕಪ್ಪಾಗುವುದು ಯುವಿಗೆ, ಕಾಣುವ ಬೆಳಕಿಗೆ ಅಲ್ಲ. ಮೋಡ ಇದ್ದರೂ ಯುವಿ ಇರುವುದರಿಂದ ನಿಮಗೆ ಬೇಕಾದಷ್ಟು ತಿಳಿಯಾಗದೆ ಇರಬಹುದು. ಚಳಿಯಲ್ಲಿ ಇನ್ನೂ ಕಪ್ಪಾಗುತ್ತದೆ, ಮತ್ತೆ ತಿಳಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಬಿಸಿಲಿನಿಂದ ಕಾಡಿನ ನೆರಳಿಗೆ ಸರ್ರನೆ ಇಳಿಯುವಾಗ ಅದು ನಿಮ್ಮಷ್ಟು ವೇಗವಾಗಿ ಬದಲಾಗದು.

ಪೋಲರೈಸ್ಡ್ ಲೆನ್ಸ್ ಹಿಮದ ಪ್ರತಿಫಲನದ ಕುಕ್ಕನ್ನು ಕಡಿಮೆ ಮಾಡುತ್ತದೆ. ಮಂಜುಗಡ್ಡೆ ಕಟ್ಟಿದ ಜಾಗ ಹೊಳೆಯುವುದರಿಂದಲೇ ನಮಗೆ ಗೊತ್ತಾಗುವುದು, ಆ ಹೊಳಪನ್ನೂ ಇದು ಅಳಿಸಬಹುದು. ಕಲಿಯುವವರಿಗೆ ಬೇಡ.

ಹಂತ 6: ಒಳಗೆ ಮಂಜು ಕಟ್ಟದ ಹಾಗೆ ನೋಡಿಕೊಳ್ಳಿ

ಲೆನ್ಸ್ ಎಷ್ಟೇ ಒಳ್ಳೆಯದಿರಲಿ, ಒಳಗೆ ಮಂಜು ಕಟ್ಟಿದರೆ ಏನೂ ಕಾಣುವುದಿಲ್ಲ. ಎರಡು ಪದರದ ಲೆನ್ಸ್ ಇರುವುದನ್ನೇ ತಗೊಳ್ಳಿ. ಎರಡು ಪದರದ ನಡುವಿನ ಗಾಳಿ ಒಳಗಿನ ಲೆನ್ಸ್ ತೀರಾ ತಣ್ಣಗಾಗದಂತೆ ತಡೆಯುತ್ತದೆ, ಉಸಿರಿನ ಹಬೆ ಅದರ ಮೇಲೆ ಅಷ್ಟು ಬೇಗ ಕೂರುವುದಿಲ್ಲ. ಫ್ರೇಮ್ ಮೇಲೆ ಕೆಳಗೆ ಗಾಳಿಯ ಕಿಂಡಿಗಳಿರಬೇಕು.

ಒಳಗಿನ ಲೆನ್ಸ್‌ಗೆ ಮಂಜು ಕಟ್ಟದಿರಲು ತೆಳು ಲೇಪನ ಹಚ್ಚಿರುತ್ತಾರೆ. ಒದ್ದೆಯಾದಾಗ ಅದು ಮೆತ್ತಗಾಗುತ್ತದೆ. ಆಗ ಕರ್ಚೀಫಿನಿಂದಲೋ ಗ್ಲೌಸ್‌ನಿಂದಲೋ ಉಜ್ಜಿದರೆ ಲೇಪನ ಎದ್ದುಹೋಗುತ್ತದೆ, ಆಮೇಲೆ ಆ ಗಾಗಲ್ ಮೊದಲಿನಂತಾಗುವುದಿಲ್ಲ. ಒಳಗೆ ಹಿಮ ಹೊಕ್ಕರೆ ಕೊಡವಿ, ಹೆಚ್ಚೆಂದರೆ ಮೆತ್ತನೆ ಬಟ್ಟೆ ಒತ್ತಿ ನೀರು ಹೀರಿಸಿ. ಉಜ್ಜಬೇಡಿ. ವಿಶ್ರಾಂತಿಗೆ ನಿಂತಾಗ ಗಾಗಲ್ ಹಣೆಗೆ ಏರಿಸುವ ಅಭ್ಯಾಸವೂ ಬೇಡ. ಬೆವರಿದ ಹಣೆಯ ಹಬೆಯೆಲ್ಲ ಒಳಗೆ ತುಂಬುತ್ತದೆ. ಮೂಗಿನ ಮೇಲೆ ಹಾಕಿದ ಮಾಸ್ಕ್ ಗಾಗಲ್ ಕೆಳಗೆ ತೂರಿದ್ದರೂ ಇದೇ ಕಥೆ.

ಕನ್ನಡಕ ಹಾಕುವವರು ಓಟಿಜಿ ಎಂದು ಗುರುತಿರುವ ಗಾಗಲ್ ಕೇಳಿ. ಕನ್ನಡಕದ ಮೇಲೇ ಹಾಕುವಷ್ಟು ಆಳವಿರುತ್ತದೆ, ಕನ್ನಡಕದ ಕಡ್ಡಿ ಕೂರಲು ಪಕ್ಕದಲ್ಲಿ ಸೀಳೂ ಇರುತ್ತದೆ. ನಿಮ್ಮ ಕನ್ನಡಕವನ್ನೇ ಒಯ್ದು ಹಾಕಿ ನೋಡದೆ ಕೊಳ್ಳಬೇಡಿ. ಇತ್ತೀಚೆಗೆ ಕಣ್ಣಿನ ಆಪರೇಷನ್ ಆಗಿದ್ದರೆ ಮೊದಲು ನಿಮ್ಮ ಡಾಕ್ಟರ್‌ರನ್ನು ಕೇಳಿ.

ಹಂತ 7: ಹೊರಡುವ ಮುಂಚೆ ಊರಲ್ಲೇ ಪರೀಕ್ಷೆ ಮಾಡಿ

ಹಿಮ ಇಲ್ಲ ಅಂತ ಸುಮ್ನೆ ಪ್ಯಾಕ್ ಮಾಡಬೇಡಿ. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಇಷ್ಟು ನೋಡಿ.

ಯುವಿ: ಕನ್ನಡಕದ ಅಂಗಡಿಗಳಲ್ಲಿ ಯುವಿ ತೋರಿಸುವ ಸಣ್ಣ ಯಂತ್ರ ಇರುವುದುಂಟು. ಕೇಳಿದರೆ ಹಾಕಿ ತೋರಿಸುತ್ತಾರೆ. ನೋಟು ಪರೀಕ್ಷಿಸುವ ಯುವಿ ಟಾರ್ಚ್ ಇದ್ದರೆ ಇನ್ನೊಂದು ದಾರಿ. ಕತ್ತಲಲ್ಲಿ ನೋಟಿನ ನಂಬರ್ ಮೇಲೆ ಟಾರ್ಚ್ ಬಿಟ್ಟರೆ ಅದು ಹೊಳೆಯುತ್ತದೆ. ಟಾರ್ಚ್ ಮತ್ತು ನೋಟಿನ ನಡುವೆ ಲೆನ್ಸ್ ಹಿಡಿದಾಗ ಹೊಳಪು ಆರಬೇಕು. ಆರದಿದ್ದರೆ ಆ ಗಾಗಲ್ ವಾಪಸ್ ಮಾಡಿ. ಆರಿದರೂ ಇದು ಸ್ಥೂಲ ಪರೀಕ್ಷೆ ಮಾತ್ರ, ಡಬ್ಬದ ಗುರುತಿಗೆ ಬದಲಿ ಅಲ್ಲ.

ಮೋಡದ ಬೆಳಕು: ಬಿಳಿ ಬೆಡ್‌ಶೀಟ್ ಒಂದನ್ನು ಮುದುರಿ, ನೇರ ಬಿಸಿಲು ಬೀಳದ ಜಾಗದಲ್ಲಿ, ಆದರೆ ಮೇಲೆ ಆಕಾಶ ಕಾಣುವಂತೆ, ತಾರಸಿಯ ನೆರಳಲ್ಲಿ ಹರಡಿ. ನಾಲ್ಕು ಮಾರು ದೂರ ನಿಂತು ಒಂದೊಂದೇ ಲೆನ್ಸ್‌ನಲ್ಲಿ ಮಡಿಕೆಗಳನ್ನು ನೋಡಿ. ಯಾವುದರಲ್ಲಿ ಸಣ್ಣ ಸುಕ್ಕು ಬೇಗ ಕಾಣುತ್ತದೋ ಅದು ನಿಮ್ಮ ಕಣ್ಣಿಗೆ ಹೊಂದುವ ಲೆನ್ಸ್. ಸಂಜೆ ಇನ್ನೊಮ್ಮೆ ನೋಡಿ. ಎಲ್ಲರ ಕಣ್ಣೂ ಒಂದೇ ಥರ ಅಲ್ಲ, ಅಲ್ವಾ?

ಅಳತೆ: ಪಟ್ಟಿ ಹಾಕದೆ ಗಾಗಲ್ ಅನ್ನು ಮುಖಕ್ಕೆ ಒತ್ತಿ ಹಿಡಿದು ಕನ್ನಡಿಯಲ್ಲಿ ಮೂಗಿನ ಎರಡೂ ಪಕ್ಕ ನೋಡಿ. ಯುರೋಪಿನವರ ಎತ್ತರದ ಮೂಗಿಗೆ ಮಾಡಿದ ಗಾಗಲ್‌ಗಳಲ್ಲಿ ನಮ್ಮ ಹಲವರಿಗೆ ಅಲ್ಲಿ ಸಂದು ಉಳಿಯುತ್ತದೆ. ಗಾಳಿಯೂ ಹಿಮವೂ ಅಲ್ಲಿಂದಲೇ ನುಗ್ಗುತ್ತವೆ. ಸಂದು ಕಂಡರೆ ಏಷ್ಯನ್ ಫಿಟ್ ಅಥವಾ ಲೋ ಬ್ರಿಡ್ಜ್ ಫಿಟ್ ಎಂದಿರುವುದನ್ನು ತರಿಸಿ.

ಹಂತ 8: ಅಲ್ಲಿಗೆ ಹೋದ ಮೇಲೆ

ಗಾಗಲ್ ಮತ್ತು ಹೆಚ್ಚಿನ ಲೆನ್ಸ್ ಎರಡನ್ನೂ ಗಟ್ಟಿ ಡಬ್ಬದಲ್ಲಿಟ್ಟು ಕೈಚೀಲದಲ್ಲೇ ಒಯ್ಯಿರಿ. ಬೆಳಗ್ಗೆ ರೂಮಿನ ಕಿಟಕಿಯಿಂದ ನೋಡಿ ಲೆನ್ಸ್ ತೀರ್ಮಾನಿಸಬೇಡಿ. ಹೊರಗೆ ಹೋಗಿ ಹಿಮದ ಮೇಲೆ ನಿಮ್ಮ ನೆರಳು ನೋಡಿ. ಅಂಚು ಚೂಪಾಗಿದ್ದರೆ ಎಸ್3. ನೆರಳು ಮಬ್ಬಾಗಿದ್ದರೆ ಎಸ್2. ನೆರಳೇ ಇಲ್ಲದಿದ್ದರೆ ಎಸ್1. ಬದಲಿ ಲೆನ್ಸ್ ಜಾಕೆಟ್‌ನ ಒಳಜೇಬಿನಲ್ಲಿರಲಿ. ರೂಮಿನಲ್ಲಿಟ್ಟು ಬಂದರೆ ಮಧ್ಯಾಹ್ನ ಮೋಡ ಬಂದಾಗ ಏನು ಉಪಯೋಗ?

ಸಂಜೆ ಗಾಗಲ್ ಅನ್ನು ರೂಮಿನ ಗಾಳಿಯಲ್ಲಿ ಒಣಗಿಸಿ. ಹೀಟರ್ ಮುಂದೆ, ಬುಖಾರಿ ಎಂಬ ಕಾಶ್ಮೀರದ ಒಲೆಯ ಹತ್ತಿರ ಇಡಬೇಡಿ. ಕಾವಿಗೆ ಎರಡು ಪದರದ ನಡುವಿನ ಅಂಟು ಬಿಟ್ಟುಕೊಳ್ಳುತ್ತದೆ.

ಕಣ್ಣು ಉರಿ ಶುರುವಾದರೆ

ಗಾಗಲ್ ಇಲ್ಲದೆ ಹಿಮದಲ್ಲಿ ಇಡೀ ದಿನ ಕಳೆದವರಿಗೆ ಆಗಲೇ ಏನೂ ಗೊತ್ತಾಗುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಬಿಟ್ಟು, ರಾತ್ರಿ, ಕಣ್ಣಲ್ಲಿ ಮರಳು ಹಾಕಿದಂತೆ ಚುಚ್ಚುತ್ತದೆ. ನೀರು ಸುರಿಯುತ್ತದೆ, ಬೆಳಕು ನೋಡಲಾಗುವುದಿಲ್ಲ. ಇದನ್ನು ಹಿಮಗುರುಡು ಎನ್ನುತ್ತಾರೆ. ಯುವಿ ಕಣ್ಣಿನ ಮೇಲ್ಪದರವನ್ನು ಸುಟ್ಟಿರುತ್ತದೆ. ಹರಿಹರ, ದಾವಣಗೆರೆಯ ವರ್ಕ್‌ಶಾಪ್‌ಗಳಲ್ಲಿ ಮುಖಕವಚ ಇಲ್ಲದೆ ವೆಲ್ಡಿಂಗ್ ಮಾಡಿದವರಿಗೆ ರಾತ್ರಿ ಆಗುವುದೂ ಇದೇ ತೊಂದರೆ.

ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತಕ್ಷಣ ತೆಗೆಯಿರಿ. ಕತ್ತಲೆ ರೂಮಿನಲ್ಲಿ ಮಲಗಿ, ಮುಚ್ಚಿದ ರೆಪ್ಪೆ ಮೇಲೆ ತಣ್ಣನೆ ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಎಷ್ಟೇ ಚುಚ್ಚಿದರೂ ಉಜ್ಜಬೇಡಿ. ಮರಗಟ್ಟಿಸುವ ಡ್ರಾಪ್ಸ್ ಯಾರಾದರೂ ಕೊಟ್ಟರೆ ನೀವಾಗಿಯೇ ಹಾಕಿಕೊಳ್ಳಬೇಡಿ, ಗಾಯ ಮಾಯುವುದನ್ನು ಅವು ನಿಧಾನ ಮಾಡುತ್ತವೆ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ನೋವು ಕಡಿಮೆಯಾಗದಿದ್ದರೆ, ದೃಷ್ಟಿ ಮಂಜಾಗಿಯೇ ಇದ್ದರೆ, ಊರಿಗೆ ಬಂದ ಮೇಲೆ ತೋರಿಸಿದರಾಯಿತು ಅಂತ ಕಾಯದೆ ಅಲ್ಲೇ ಹತ್ತಿರದ ಆಸ್ಪತ್ರೆಗೆ ಹೋಗಿ. ಪೂರ್ತಿ ವಾಸಿಯಾಗುವವರೆಗೆ ಗಾಗಲ್ ಹಾಕಿಕೊಂಡು ಕೂಡ ಹಿಮಕ್ಕೆ ಇಳಿಯಬೇಡಿ.